ಇಟ್ಟಿಗೆ ಗೂಡಿನ ರಾಣಿ

ಚೌಕಾಸಿ ಮಾಡುವುದು ಒಂದು ಕಾಯಿಲೆ ಎಂದು ನನ್ನ ಹೆಂಡತಿ ಜಯಮ್ಮ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಕಾಯಿಲೆಯಾಗಿದ್ದರೆ ನರಳಬೇಕಾದವನು ನಾನು. ಇಲ್ಲಿ ನರಳುವವರೆಲ್ಲ ಎದುರಿಗಿದ್ದವರು. ತಲೆಯ ಮೇಲೆ ಬುಟ್ಟಿ ಹೊತ್ತು ತೆಂಗಿನಕಾಯಿ ಮಾರಿಕೊಂಡಿದ್ದವನು ಹೊಳೆನರಸೀಪುರದಲ್ಲಿ ಸ್ವಂತ ಮಂಡಿ ಇಟ್ಟಿದ್ದು ಚೌಕಾಸಿಯಿಂದಲೇ ಹೊರತು ಯಾರ ಆಶೀರ್ವಾದದಿಂದಲೂ ಅಲ್ಲ. ಹಾಗಾಗಿ ಓದುವವರಿಗೆ ಎರಡು ಮಾತು ಪುಕ್ಕಟೆಯಾಗಿ ಹೇಳಿಬಿಡುತ್ತೇನೆ. ಮೊದಲನೆಯದು, ವ್ಯಾಪಾರಕ್ಕೆ ಹೊರಟವನ ಹೆಗಲ ಮೇಲೆ ಒಂದು ಟವಲ್ ಇರಲೇಬೇಕು. ಬೆಲೆಯನ್ನು ಬಾಯಲ್ಲಿ ಹೇಳಬಾರದು. ಟವಲ್ಲಿನ ಕೆಳಗೆ ಎದುರಿನವನ ಬೆರಳು ಹಿಡಿದು ಹೇಳಬೇಕು. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣಬೇಕು, ಮುಖದಲ್ಲಿ ಏನೂ ಕಾಣಬಾರದು. ಎರಡನೆಯದು, ಬೆಲೆ ಇಳಿಯಲಿಲ್ಲವೋ, ಆ ಟವಲ್ಲನ್ನು ಫಟ್ಟೆಂದು ಕೊಡವಿ ಹೆಗಲಿಗೆ ಎಸೆದುಕೊಂಡು ಹೊರಟುಬಿಡಬೇಕು. ಮೂರೇ ಹೆಜ್ಜೆ. ಎರಡಕ್ಕೇ ನಿಂತರೆ ನಮ್ಮ ಆಸೆ ಕಾಣಿಸುತ್ತದೆ. ನಾಲ್ಕನೆಯದನ್ನು ಇಟ್ಟರೆ ಆಮೇಲೆ ಹಿಂದಕ್ಕೆ ತಿರುಗಲು ಮಾನ ಬಿಡುವುದಿಲ್ಲ. ಚನ್ನರಾಯಪಟ್ಟಣದ ಕಾಯಿ ಮಾರುಕಟ್ಟೆಯಲ್ಲಿ ನನ್ನ ಮೂರು ಹೆಜ್ಜೆಗೆ ಒಂದು ಹೆಸರೇ ಇತ್ತು. ನಾನು ಟವಲ್ ಕೊಡವಿದ ಸದ್ದು ಕೇಳಿದರೆ ಆಚೆ ಅಂಗಡಿಯವನೂ ತನ್ನ ಬೆಲೆ ಇಳಿಸುತ್ತಿದ್ದ ಎಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ.

ಇಂಥ ನನಗೆ ಇರುವ ದೋಷ ಒಂದೇ. ಯಾವುದೇ ವಸ್ತುವಿನ ಬೆಲೆ ಇಳಿಯುತ್ತಿರುವುದು ಕಣ್ಣಿಗೆ ಬಿದ್ದರೆ ಅದು ನನಗೆ ಬೇಕೋ ಬೇಡವೋ ಎಂದು ಯೋಚಿಸುವ ಮೊದಲೇ ಕೈ ಟವಲ್ಲಿಗೆ ಹೋಗುತ್ತದೆ. ಅರಕಲಗೂಡಿನಿಂದ ಒಂದು ಸಲ ಗಾಡಿಯಲ್ಲಿ ಬರುವಾಗ ಆದದ್ದೂ ಅದೇ. ಇಟ್ಟಿಗೆ ಗೂಡಿನ ಮುಂದೆ, ರಸ್ತೆಗೆ ಅಡ್ಡಲಾಗಿ, ಇಟ್ಟಿಗೆ ತುಂಬಿದ ಗಾಡಿಯ ಮೂಕಿಗಳ ನಡುವೆ ಒಂದು ಹೆಣ್ಣು ಕುದುರೆ ಮಂಡಿಯೂರಿ ಬಿದ್ದಿತ್ತು. ಎಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಗೂಡಿನ ಯಜಮಾನ ಕಾಳಪ್ಪ ಪಕ್ಕದಲ್ಲಿ ನಿಂತು, "ಏಳ್ತದೆ ಕಣ, ನಾಟ್ಕ ಆಡ್ತಾ ಅದೆ," ಎಂದು ಬೀಡಿ ಹಚ್ಚುತ್ತಿದ್ದ. ನಾನು ಕರುಣೆಯಿಂದ ಇಳಿದೆ ಎಂದು ಈಗ ಊರಿನವರು ಹೇಳುತ್ತಾರೆ. ನಾನು ತಿದ್ದಲು ಹೋಗಿಲ್ಲ. ಆದರೆ ನಿಜ ಹೇಳುವುದಾದರೆ, ಆ ಕುದುರೆ ಬಿದ್ದಲ್ಲೇ ಇದ್ದಷ್ಟೂ ಅದರ ಬೆಲೆ ಬೀಳುತ್ತಿತ್ತು. ನಾನು ಅದನ್ನು ನೋಡಿ ಇಳಿದೆ. ಮೈಯೆಲ್ಲ ಸವರಿ ಪರೀಕ್ಷೆ ಮಾಡಿದೆ. ಹೆಗಲ ಹತ್ತಿರ ಗಾಡಿ ಉಜ್ಜಿದ ಹುಣ್ಣು ಬಿಟ್ಟರೆ ಚಾಟಿಯ ಬರೆ ಒಂದೂ ಇರಲಿಲ್ಲ. ಹೊಡೆತ ತಿನ್ನದ ಕುದುರೆ, ಬರೀ ಹಸಿದ ಕುದುರೆ, ಹುರುಳಿ ಹಾಕಿದರೆ ಎದ್ದೀತು ಎಂದು ಲೆಕ್ಕ ಹಾಕಿದೆ. ಮಂಡಿಯಲ್ಲಿ ಕೊಳೆಯುತ್ತಿದ್ದ ಎರಡು ಗಾಡಿ ತೆಂಗಿನ ಸಿಪ್ಪೆಯನ್ನು ಅವನ ಗೂಡಿನ ಉರಿಗೆ ಕೊಡುವುದು, ಕುದುರೆ ನನಗೆ. ಅಷ್ಟಕ್ಕೇ ಬಿಟ್ಟೆನೇ? ಟವಲ್ ಕೊಡವಿ ಮೂರು ಹೆಜ್ಜೆ ಹಾಕಿ, ಒಂದು ಷರತ್ತನ್ನೂ ಸೇರಿಸಿದೆ: ಕುದುರೆ ಸರಿಹೋಗದಿದ್ದರೆ ತಿಂಗಳು ತುಂಬುವ ದಿನ ಅವನೇ ಬಂದು ವಾಪಸು ಹೊಡೆದುಕೊಂಡು ಹೋಗಬೇಕು. ಕಾಳಪ್ಪ, "ಆಗ್ಲಿ ಬುಡಣ್ಣ," ಎಂದು ತಕ್ಷಣ ಒಪ್ಪಿದ. ಎದುರಿನವನು ತಕ್ಷಣ ಒಪ್ಪಿದರೆ ಅಲ್ಲೇ ಅನುಮಾನಪಡಬೇಕು. ಇದು ಮೂರನೆಯ ಬುದ್ಧಿಮಾತು. ಆವತ್ತು ನನಗೆ ಹೇಳುವವರು ಯಾರೂ ಇರಲಿಲ್ಲ. ನಾನು ಟವಲ್ ಕೊಡವಿದಾಗ ಬಿದ್ದಿದ್ದ ಕುದುರೆ ದಡಬಡ ಎದ್ದು ನಿಂತಿತ್ತು. ನನ್ನ ಕೈಗುಣ ಎಂದುಕೊಂಡೆ.

ಮನೆಗೆ ತಂದಾಗ ಜಯಮ್ಮ ಬಾಗಿಲಲ್ಲೇ ನಿಂತು, "ಎರಡು ಗಾಡಿ ಸಿಪ್ಪೆ ಕೊಟ್ಟು ನಾಲ್ಕು ಕಾಲಿನ ಸಿಪ್ಪೆ ತಂದಿದೀರಲ್ಲ," ಎಂದಳು. ಅಷ್ಟು ಹೇಳಿ ಒಳಗೆ ಹೋದವಳು ಹುರುಳಿ ಬೇಯಿಸಿಕೊಂಡೇ ಹೊರಗೆ ಬಂದಳು. ಹುಣ್ಣಿಗೆ ಬೇವು ಅರಿಶಿನ ಅರೆದು ಹಚ್ಚಿದಳು. ಮದುವೆಯಾದ ಇಷ್ಟು ವರ್ಷದಲ್ಲಿ ನನ್ನ ಬೆನ್ನುನೋವಿಗೆ ಅವಳು ಏನನ್ನೂ ಅರೆದದ್ದು ನೆನಪಿಲ್ಲ. ನಾಲ್ಕನೆಯ ದಿನ ಬುಡೇನ್ ಸಾಬರು ನಮ್ಮ ಮನೆಯ ಮುಂದೆ ಹೋಗುತ್ತಿದ್ದವರು ನಿಂತೇಬಿಟ್ಟರು. ಅವರು ಮೊದಲು ಪೇಟೆಯಲ್ಲಿ ಜಟಕಾ ಹೊಡೆಯುತ್ತಿದ್ದವರು. ಬಸ್ಸುಗಳು ಹೆಚ್ಚಾಗಿ ಜಟಕಾಕ್ಕೆ ಜನ ಇಲ್ಲದೆ, ಗಾಡಿ ಕುದುರೆ ಎರಡನ್ನೂ ಮಾರಿ ಈಗ ಮರದ ಕೆಳಗೆ ಕೊಡೆ ರಿಪೇರಿ ಮಾಡುತ್ತಿದ್ದರು. "ಯಜಮಾನ್ರೇ, ಇದು ನಮ್ದು ರಾಣಿ," ಎಂದರು. ತಲೆಗೆ ಸುತ್ತಿದ್ದ ರುಮಾಲನ್ನು ಸರಿ ಮಾಡಿಕೊಳ್ಳುವವರ ಹಾಗೆ ಸ್ವಲ್ಪ ಹೊತ್ತು ಮುಖ ಮರೆಸಿಕೊಂಡರು. ಕುದುರೆ ಅವರ ಕಂಕುಳಿಗೆ ಮೂತಿ ತೂರಿಸಿತು. ಇದನ್ನು ಮತ್ತೆ ಗಾಡಿಗೆ ಪಳಗಿಸಲು ಏನು ಕೊಡಬೇಕು ಎಂದು ನಾನು ಟವಲ್ ತೆಗೆಯುವುದರೊಳಗೆ, "ಕೂಲಿ ಬ್ಯಾಡಿ. ಮಾರಿದ್ದು ನಾನು," ಎಂದುಬಿಟ್ಟರು. ಕೂಲಿ ಬೇಡ ಎನ್ನುವವನ ಹತ್ತಿರ ಚೌಕಾಸಿ ಮಾಡುವುದು ಹೇಗೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಹೆದರಿದ ಕುದುರೆಯನ್ನು ಗಾಡಿಗೆ ಪಳಗಿಸುವುದು ಮಗುವಿಗೆ ನಡೆ ಕಲಿಸಿದ ಹಾಗೆ. ಮೊದಲು ಬರಿಮೈಯಲ್ಲಿ ನಡೆಸಬೇಕು. ಆಮೇಲೆ ಹಿಂದೆ ಒಂದು ತೆಂಗಿನ ಗರಿ ಕಟ್ಟಿ ಎಳೆಸಬೇಕು, ಆ ಸದ್ದಿಗೆ ಒಗ್ಗಿದ ಮೇಲೆ ಒಂದು ಮರದ ತುಂಡು, ಅದಾದ ಮೇಲೆ ಖಾಲಿ ಗಾಡಿ. ಸಾಬರು ಜೊತೆಯಲ್ಲಿ ನಡೆಯುತ್ತ ಅದರ ಕಿವಿಯಲ್ಲಿ ಏನೇನೋ ಸಂಸಾರದ ಸುದ್ದಿ ಹೇಳುತ್ತಿದ್ದರು. ರಾಣಿ ಅವರ ಮಾತು ಕೇಳುತ್ತಿತ್ತು, ಜಯಮ್ಮನ ಮಾತು ಕೇಳುತ್ತಿತ್ತು. ಸಾಬರ ಜಟಕಾ ಕಾಲದ ಅಭ್ಯಾಸದಿಂದ ಪ್ರತಿ ಬೀಡಿ ಅಂಗಡಿಯ ಮುಂದೆಯೂ ನಿಲ್ಲುತ್ತಿತ್ತು, ಅಷ್ಟೆ. ನಾನು ಹತ್ತಿರ ಹೋದರೆ ಮಾತ್ರ ಕಿವಿ ಹಿಂದಕ್ಕೆ ಅಂಟಿಸಿ ಗಡಗಡ ನಡುಗುತ್ತಿತ್ತು. ಬೆಲ್ಲ ಹಿಡಿದುಕೊಂಡು ಹೋದೆ, ಕ್ಯಾರೆಟ್ ಹಿಡಿದುಕೊಂಡು ಹೋದೆ. "ಅದಕ್ಕೆ ನಿಮ್ಮ ಗುಣ ಗೊತ್ತಾಗಿದೆ," ಎಂದಳು ಜಯಮ್ಮ. ಅನ್ನ ಹಾಕುವ ಯಜಮಾನನನ್ನು ಕಂಡು ನಡುಗುವ ಪ್ರಾಣಿಯನ್ನು ದಿನಾ ನೋಡುವುದು ಎಂಥ ಅವಮಾನ ಎಂದು ಅನುಭವಿಸಿದವರಿಗೇ ಗೊತ್ತು.

ಅವಮಾನದ ಮೇಲೆ ಅಪಾಯವೂ ಬಂತು. ಒಂದು ಬೆಳಿಗ್ಗೆ ಪಕ್ಕದ ಮನೆಯ ನಂಜೇಗೌಡರು ಜಗಲಿಯ ಧೂಳು ಹೊಡೆಯುತ್ತಿದ್ದಾಗ ರಾಣಿ ಎರಡು ಕಾಲ ಮೇಲೆ ಎದ್ದು, ಕಟ್ಟಿದ್ದ ಗೂಟವನ್ನು ಕಿತ್ತುಕೊಂಡು ಬೀದಿಯ ತುದಿಯವರೆಗೆ ಓಡಿತು. ಇನ್ನೊಂದು ದಿನ ನಾನು ಬಾಗಿಲಲ್ಲೇ ಒಬ್ಬ ಕಾಯಿ ವ್ಯಾಪಾರಿಯ ಹತ್ತಿರ ಮೂರು ಹೆಜ್ಜೆ ಹಾಕಿದಾಗ ಮತ್ತೆ ಎದ್ದು ಗೌಡರ ಹಾಲಿನ ಬಿಂದಿಗೆಯನ್ನು ಒದ್ದು, ಗೌಡರನ್ನು ಚರಂಡಿಗೆ ಇಳಿಸಿತು. ಬೀದಿಯವರು ಸೇರಿದರು. "ನೋಡಯ್ಯ," ಎಂದರು ಗೌಡರು, ಕೆಸರು ಒರೆಸಿಕೊಳ್ಳುತ್ತ, "ಮಕ್ಳುಮರಿ ತಿರುಗಾಡೋ ಬೀದಿ ಇದು. ನೀನೇ ಹಾಕಿರೋ ಷರತ್ತೈತಲ್ಲ, ತಿಂಗಳು ತುಂಬೋ ದಿನ ಕಾಳಪ್ಪ ಬರ್ಲಿ. ಅವತ್ತು ಇದು ಗಾಡಿ ಕಟ್ಕೊಂಡು ಬಸ್ ನಿಲ್ಲೋ ತಾವ ಓಗಿ ಸುಮ್ಕೆ ವಾಪಸ್ ಬಂದ್ರೆ ನಿಮ್ಮನೇಲಿರ್ಲಿ. ಒಂದ್ ಸಲ ಎದ್ರೂ ಹಗ್ಗ ಅವನ ಕೈಗೆ." ಜಯಮ್ಮ ನನ್ನ ಮುಖ ನೋಡಿದಳು. ಷರತ್ತು ಹಾಕಿದವನು ನಾನೇ. ಒಪ್ಪಿಕೊಂಡೆ. ಆಗ ನನಗೆ ಕಾಳಪ್ಪನ "ಆಗ್ಲಿ ಬುಡಣ್ಣ" ಅರ್ಥವಾಯಿತು. ಸಿಪ್ಪೆ ಆಗಲೇ ಉರಿದು ಬೂದಿಯಾಗಿತ್ತು; ಕುದುರೆ ತಿಂಗಳೆಲ್ಲ ನಮ್ಮ ಹುರುಳಿ ತಿಂದು, ಮೈ ತುಂಬಿಕೊಂಡು, ಮತ್ತೆ ಅವನ ಇಟ್ಟಿಗೆ ಎಳೆಯಲು ಹೋಗುತ್ತಿತ್ತು. ಎರಡನೆಯ ಸಲ ಬಿದ್ದರೆ ಅದು ಏಳುವುದಿಲ್ಲ ಎಂದು ಸಾಬರು ಜಯಮ್ಮನಿಗೆ ಹೇಳಿದ್ದರಂತೆ. ಅವಳು ಅದನ್ನು ನನಗೆ ಹೇಳಿ, ಆ ದಿನದಿಂದ ನನ್ನ ಹತ್ತಿರ ಮಾತು ನಿಲ್ಲಿಸಿದಳು.

ಆ ದಿನವೂ ಬಂತು. ಬೇಕೆಂದೇ ಕಾದಿತ್ತೋ ಏನೋ, ಅವತ್ತೇ ಸಂತೆಯ ದಿನ. ಸಾಬರು ಕುದುರೆಯ ತಲೆಯ ಹತ್ತಿರ ನಡೆದರು. ಲಗಾಮು ನನ್ನ ಕೈಯಲ್ಲಿ. ಯಜಮಾನನೇ ಹೊಡೆಯಬೇಕೆಂದು ಗೌಡರ ಹಟ. ಗಾಡಿ ಹಿಂದಕ್ಕೆ ವಾಲದಂತೆ ಜಯಮ್ಮ ನನ್ನ ಬೆನ್ನಿಗೇ ಕೂತಳು. ಬೀದಿಗೆ ಬೀದಿಯೇ ಎರಡೂ ಕಡೆ ನಿಂತಿತ್ತು, ಮದುವೆ ದಿಬ್ಬಣ ನೋಡುವ ಹಾಗೆ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ರಾಣಿ ನಡುಗುತ್ತಲೇ ಹೆಜ್ಜೆ ಇಟ್ಟಿತು. ಕೋಳಿ ಬುಟ್ಟಿಯವಳು ಅಡ್ಡ ಬಂದಳು, ದಾಟಿತು. ಚನ್ನರಾಯಪಟ್ಟಣದ ಬಸ್ಸು ಕಿವಿಯ ಪಕ್ಕದಲ್ಲೇ ಹಾರನ್ ಹೊಡೆಯಿತು, ದಾಟಿತು. ಬೀಡಿ ಅಂಗಡಿಯ ಮುಂದೆ ನಿಂತಿತು. ಸಾಬರು, "ಇವತ್ತು ಬೀಡಿ ಬ್ಯಾಡ, ನಡಿಯಮ್ಮ," ಎಂದರು, ನಡೆಯಿತು. ಬಸ್ ನಿಲ್ದಾಣ ಇಪ್ಪತ್ತು ಮಾರು ದೂರದಲ್ಲಿತ್ತು. ಅಲ್ಲಿ, ಹುಣಸೆ ಮರದ ಕೆಳಗೆ, ಹಗ್ಗ ಕಂಕುಳಲ್ಲಿ ಇಟ್ಟುಕೊಂಡು ಕಾಳಪ್ಪ ನಿಂತಿದ್ದ.

ರಾಣಿ ಗಕ್ಕನೆ ನಿಂತಿತು. ಕಿವಿ ಹಿಂದಕ್ಕೆ ಹೋದವು. ಲಗಾಮಿನಲ್ಲಿ ಅದರ ನಡುಕ ನನ್ನ ಮೊಣಕೈವರೆಗೆ ಹತ್ತಿತು. "ಯಜಮಾನ್ರೇ, ಏಳ್ತದೆ," ಎಂದು ಸಾಬರು ಪಿಸುಗುಟ್ಟಿದರು. ನಾನು ಕುದುರೆಯನ್ನು ನೋಡುವುದು ಬಿಟ್ಟು ಕಾಳಪ್ಪನನ್ನು ನೋಡಿದೆ. ಎದುರಿನವನ ಬಾಯಿ ನೋಡಬಾರದು, ಕೈ ನೋಡಬೇಕು. ಅದು ನನ್ನ ಕಸುಬು. ಅವನು ಯಾರದೋ ಹತ್ತಿರ ಹರಟುತ್ತ, ಹೆಗಲ ಟವಲ್ಲನ್ನು ತೆಗೆದು ಅದರ ತುದಿಗೆ ನಿಧಾನವಾಗಿ ಗಂಟು ಹಾಕುತ್ತಿದ್ದ. ಒಂದು ಗಂಟು. ಅದರ ಮೇಲೆ ಇನ್ನೊಂದು. ಚಾಟಿಯಲ್ಲಿ ಹೊಡೆದರೆ ಬರೆ ಬೀಳುತ್ತದೆ, ಬರೆ ಬಿದ್ದರೆ ಮಾರುವಾಗ ಬೆಲೆ ಬೀಳುತ್ತದೆ. ಗಂಟು ಹಾಕಿದ ಒದ್ದೆ ಟವಲ್ಲಿನಲ್ಲಿ ಹೊಡೆದರೆ ಚರ್ಮ ಚೊಕ್ಕಟವಾಗಿರುತ್ತದೆ. ಅವನ ಜಾಗದಲ್ಲಿ ಬೆಲೆಯ ಯೋಚನೆ ಮಾಡುವ ಇನ್ನಾರೇ ಇದ್ದರೂ ಹೀಗೇ ಮಾಡುತ್ತಿದ್ದರು ಎನ್ನಿಸಿತು. ಜಗಲಿಯ ಧೂಳನ್ನು ಗೌಡರು ಹೊಡೆದದ್ದು ಟವಲ್ಲಿನಲ್ಲಿ. ನಾನು ಬೆಲ್ಲ ಹಿಡಿದು ಹೋದಾಗಲೂ ಹೆಗಲ ಮೇಲೆ ಇದ್ದದ್ದು ಅದೇ. ಸಾಬರಿಗೆ ರುಮಾಲು, ಜಯಮ್ಮನಿಗೆ ಸೆರಗು. ಸಂತೆಯಲ್ಲಿ ಸುತ್ತಲೂ ನೋಡಿದೆ: ಹೆಗಲಿಲ್ಲದ ಗಂಡಸಿಲ್ಲ, ಟವಲ್ಲಿಲ್ಲದ ಹೆಗಲಿಲ್ಲ.

ನನ್ನ ಟವಲ್ಲನ್ನು ಮೆಲ್ಲಗೆ ಎಳೆದು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಗಾಡಿಯ ಪಕ್ಕದಲ್ಲೇ ನಡೆದು ಬಂದಿದ್ದ ಗೌಡರಿಗೆ ದನಿ ಎತ್ತರಿಸದೆ ಹೇಳಿದೆ: "ಗೌಡ್ರೇ, ನಿಮ್ಮ ಟವಲ್ ಕೆಳಗಿಡಿ. ಎಲ್ಲರೂ ಇಡಿ. ಕಾಳಪ್ಪ ಇದನ್ನು ಟವಲ್ಲಿನಲ್ಲಿ ಹೊಡೆದಿದ್ದಾನೆ."

"ನೀನೇ ಮೈ ತಡವಿ ನೋಡಿ ತಂದಿದ್ದಲ್ಲ? ಒಂದ್ ಬರೆ ಇಲ್ಲ ಅಂದಿದ್ದೆ."

"ಅಂದಿದ್ದೆ."

"ಅಂಗಾರೆ?"

ಕುದುರೆಯ ಮುಂಗಾಲು ನೆಲ ಬಿಡುತ್ತಿತ್ತು. "ಅಂಗಾರೆ ನಾನು ಏಮಾರಿದೆ," ಎಂದೆ.

ಗೌಡರ ಮುಖದಲ್ಲಿ ಹಾಲಿನ ಬಿಂದಿಗೆಯ ನಷ್ಟವೆಲ್ಲ ಭರ್ತಿಯಾದ ಹಾಗೆ ಒಂದು ತೃಪ್ತಿ ಹರಡಿತು. "ಹಿಂದಿದ್ದೋರ್ಗೆ ಕೇಳಿಸ್ನಿಲ್ಲ. ಮೂರು ಸಲ ಹೇಳು," ಎಂದರು. ಎರಡಕ್ಕೆ ಇಳಿಸಬಹುದಿತ್ತು. ಜೀವಮಾನದಲ್ಲಿ ಮೊದಲ ಸಲ ಕೇಳಿದ ಬೆಲೆಯನ್ನು ಹಾಗೆಯೇ ಕೊಟ್ಟೆ. ಇಡೀ ಸಂತೆಯ ಎದುರು, ನನ್ನ ಕೈಲಿ ಬೆಲೆ ಇಳಿಸಿಕೊಂಡವರು ಅರ್ಧ ಜನ ಇದ್ದ ಆ ಬೀದಿಯಲ್ಲಿ, ಏಮಾರಿದೆ, ಏಮಾರಿದೆ, ಏಮಾರಿದೆ ಎಂದೆ. ಗೌಡರು ಟವಲ್ ತೆಗೆದು ನಿಧಾನವಾಗಿ ಮಡಿಸಿ ಅದರ ಮೇಲೆ ಕೂತುಕೊಂಡರು. ಪಕ್ಕದವನು ತೆಗೆದ. ಕಾಯಿಯವನು, ಬಳೆಯವನು, ಮೆಣಸಿನಕಾಯಿಯವನು, ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದವರು, ಒಬ್ಬೊಬ್ಬರಾಗಿ ಹೆಗಲು ಖಾಲಿ ಮಾಡಿದರು. ಕೊನೆಗೆ ಇಡೀ ಸಂತೆಯಲ್ಲಿ ಟವಲ್ ಉಳಿದದ್ದು ಒಬ್ಬನ ಕೈಯಲ್ಲಿ. ಎಲ್ಲರೂ ಅವನನ್ನೇ ನೋಡಿದರು. ಕಾಳಪ್ಪ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿ, "ಇದೊಳ್ಳೆ ಕಥೆಯಾಯ್ತಲ್ಲ," ಎಂದು ಗೊಣಗಿ, ಟವಲ್ಲನ್ನು ಮುದುರಿ ಪಂಚೆಯೊಳಗೆ ತುರುಕಿಕೊಂಡ.

ರಾಣಿ ಉದ್ದಕ್ಕೆ ಉಸಿರು ಬಿಟ್ಟಿತು. ಬಸ್ ನಿಲ್ದಾಣ ಸುತ್ತಿ ಬಂದು, ಬೀಡಿ ಅಂಗಡಿಯ ಮುಂದೆ ಒಂದು ಸಲ ನಿಂತು, ಮನೆ ಸೇರಿತು. ಬೆನ್ನ ಹಿಂದಿನಿಂದ ಜಯಮ್ಮ, "ಸದ್ಯ, ಒಂದಾದರೂ ಒಳ್ಳೆ ವ್ಯಾಪಾರ ಮಾಡಿದಿರಿ," ಎಂದಳು. ಹದಿಮೂರು ದಿನದ ಮೇಲೆ ಅವಳು ಆಡಿದ ಮೊದಲ ಮಾತು.

ಈಗ ನಾನು ಟವಲ್ ಹಾಕುವುದಿಲ್ಲ. ಮನೆಗೆ ಬಂದು ತೆಗೆದಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಮರೆತು ಒಂದು ದಿನ ಹಾಗೆಯೇ ಲಾಯಕ್ಕೆ ಹೋಗಿ ಅದರ ಕಣ್ಣು ನೋಡಿದ ಮೇಲೆ ಬಿಟ್ಟುಬಿಟ್ಟೆ. ಚನ್ನರಾಯಪಟ್ಟಣದಲ್ಲಿ ಕಾಯಿ ಚೀಲದ ಕೆಳಗೆ ಬೆರಳು ಹಿಡಿಯುತ್ತೇನೆ, ವ್ಯಾಪಾರಿಗಳು ನಗುತ್ತಾರೆ. ಕೊಡವಲು ಏನೂ ಇಲ್ಲದೆ ಹಾಕಿದ ಮೂರು ಹೆಜ್ಜೆಗೆ ಯಾರೂ ಹೆದರುವುದಿಲ್ಲ ಎಂಬುದು ನನ್ನ ಹೊಸ ಅನುಭವ. ಜಯಮ್ಮ ಇದನ್ನು ನನಗಿಂತ ಮೊದಲೇ ಕಂಡುಕೊಂಡಳು. ಸೀರೆಯಾಗಲಿ, ತವರಿಗೆ ಹೋಗುವುದಾಗಲಿ, ಏನು ಕೇಳಬೇಕಾದರೂ ಅವಳು ನನ್ನನ್ನು ಲಾಯಕ್ಕೇ ಕರೆಯುತ್ತಾಳೆ. ನಾನು ಅಭ್ಯಾಸಬಲದಿಂದ ಬರಿಗೈ ಕೊಡವಿ, ತಿರುಗಿ, ಗಂಭೀರವಾಗಿ ಮೂರು ಹೆಜ್ಜೆ ಹಾಕುತ್ತೇನೆ. ಅವಳು ಹಿಂದಕ್ಕೆ ಕರೆಯುವುದಿಲ್ಲ. ನಾಲ್ಕನೆಯ ಹೆಜ್ಜೆ ಇಡೋಣವೆಂದರೆ, ಬೆಲ್ಲ ಕೊಡುವವನು ಹೊರಟನಲ್ಲ ಎಂದು ರಾಣಿ ಹಿಂದಿನಿಂದ ಬಂದು ನನ್ನ ಬರಿ ಹೆಗಲ ಮೇಲೆ ಮೂತಿ ಇಟ್ಟು ನಿಲ್ಲಿಸಿಬಿಡುತ್ತದೆ.