ಬಡ ಗಾವಲಿನ ಗಂಟೆ

ಕುರ್ದಿನನ ಗುತ್ತಿಗೆಯ ಹುಲ್ಲುಗಾವಲಿಗೆ ಅವನ ಅಜ್ಜನ ಕಾಲದಿಂದಲೂ ಯಾರೂ ಒಂದು ಬುಟ್ಟಿ ಗೊಬ್ಬರ ಹಾಕಿರಲಿಲ್ಲ. ಅಷ್ಟು ಕಡಿದಾದ ಬೆಟ್ಟಕ್ಕೆ ಹೊರಲು ಅಜ್ಜನಿಗೆ ಶಕ್ತಿಯಿರಲಿಲ್ಲ, ಅಪ್ಪನಿಗೆ ಪುರುಸೊತ್ತಿರಲಿಲ್ಲ, ಕುರ್ದಿನನಿಗೆ ಮನಸ್ಸಿರಲಿಲ್ಲ. ಅದರ ಮೇಲ್ಗಡೆ ಇದ್ದ ತುಮಾಶನ ಗಾವಲಿಗೆ ಮಾತ್ರ ಕೊಟ್ಟಿಗೆಯ ಸಗಣಿ ಬಗ್ಗಡ ಪೈಪಿನಲ್ಲಿ ಏರಿ ಹೋಗುತ್ತಿತ್ತು. ಊರಿನವರು ತುಮಾಶನದನ್ನು ಕೊಬ್ಬಿದ ಗಾವಲೆಂದೂ ಕುರ್ದಿನನದನ್ನು ಬಡ ಗಾವಲೆಂದೂ ಕರೆಯುತ್ತಿದ್ದರು. ಬರಬರುತ್ತಾ ಕುರ್ದಿನನೇ ‘ಬಡ ಕುರ್ದಿನ್’ ಆಗಿಬಿಟ್ಟ. ಸೋಮಾರಿ ಎನ್ನುವುದನ್ನು ನಮ್ಮ ಕಣಿವೆಯಲ್ಲಿ ಹೀಗೆ ಮರ್ಯಾದೆಯಾಗಿ ಹೇಳುತ್ತಾರೆ.

ಆದರೆ ಬಡ ಗಾವಲಿನಲ್ಲೇ ಹೂವು ಜಾಸ್ತಿ. ಈ ವರ್ಷ ಹೂಗಾವಲು ಸ್ಪರ್ಧೆ ಬಂತು. ಗೆದ್ದವರಿಗೆ ಮನೆಯ ಹೆಸರು ಕೊರೆದ ದೊಡ್ಡ ಹಸುಗಂಟೆ. ಷರತ್ತು ಒಂದೇ, ಗಾವಲಿಗೆ ಗೊಬ್ಬರ ಸೋಕಿರಬಾರದು. ಕುರ್ದಿನನ ಹೆಂಡತಿ ಮೆಂಜಾ ಆಗಲೇ ಬಾಗಿಲ ಮೇಲೆ ಮೊಳೆ ಹೊಡೆದಿದ್ದಳು. ಆ ಗಂಟೆ ಅಲ್ಲಿ ತೂಗಿದರೆ ಮೂರು ತಲೆಮಾರಿನ ಸೋಮಾರಿತನವೆಲ್ಲ ಜಾಣತನವಾಗುತ್ತಿತ್ತು. ಕುರ್ದಿನನಿಗೆ ಬೇಕಾಗಿದ್ದದ್ದು ಅಷ್ಟೇ.

ತೀರ್ಪುಗಾರ್ತಿ ಬರುವ ದಿನ ಬೆಳಿಗ್ಗೆ ಅವನು ಕಾಫಿ ಕುಡಿಯುತ್ತಿದ್ದಾಗ ಬೆಟ್ಟದ ಕಡೆಯಿಂದ ಬುಸ್ ಎಂಬ ಸದ್ದು ಬಂತು. ಓಡಿಹೋಗಿ ನೋಡಿದರೆ ಅವನ ಗಾವಲನ್ನು ಹಾದು ಹೋಗುವ ತುಮಾಶನ ಪೈಪಿನ ಜಾಯಿಂಟು ಕಳಚಿಕೊಂಡಿತ್ತು. ನೀಲಿ ಜೆನ್ಷಿಯನ್ ಹೂಗಳ ನಟ್ಟನಡುವೆ ಸಗಣಿ ಬಗ್ಗಡ ಕಾರಂಜಿಯಂತೆ ಚಿಮ್ಮುತ್ತಿತ್ತು.

"ತುಮಾಶಣ್ಣಾ! ಪಂಪ್ ಆರ್ಸೋ! ನನ್ನ ಮನೆ ಹಾಳಾಯ್ತು!"

ತುಮಾಶ ಪಂಪ್ ನಿಲ್ಲಿಸಿ ಏದುಸಿರು ಬಿಡುತ್ತಾ ಬಂದ. ಅವನ ಹಿಂದೆ ಕೋಲೂರಿಕೊಂಡು, ಕರೆಯದಿದ್ದರೂ, ನೆರೆಮನೆಯ ಉರ್ಶ್ಲಾ ಅಜ್ಜಿ ಬಂದಳು.

"ಇದಕ್ಕೆ ಯಾಕೋ ಇಷ್ಟು ಅರಚ್ತೀಯ?" ಎಂದ ತುಮಾಶ. "ಬೇರೆಯವರು ಕಾಸು ಕೊಟ್ಟು ಹಾಕಿಸ್ಕೋತಾರೆ."

"ಇವತ್ತು ಬರ್ತಾಳಲ್ಲಣ್ಣ, ಆ ಮೇಡಂ!"

"ನೀರು ಬಿಟ್ಟು ತೊಳೀರೋ," ಎಂದಳು ಅಜ್ಜಿ. "ನನ್ನ ಗಂಡ ಇದ್ದಿದ್ರೆ ಇಷ್ಟೊತ್ತಿಗೆ ತೊಳೆದು ಒಣಗಿಸಿ ಇಸ್ತ್ರಿನೂ ಮಾಡ್ತಿದ್ದ."

ಸಲಹೆ ಎಲ್ಲರಿಗೂ ಹಿಡಿಸಿತು. ಕುರ್ದಿನ್ ಪೈಪಿನ ಬಾಯಿ ಹಿಡಿದು ನಿಂತ. ತುಮಾಶ ಕೆಳಗಿಳಿದು ಕೊಟ್ಟಿಗೆಯ ಹಿಂದೆ ಮರೆಯಾದ. ಅಲ್ಲಿ ಎರಡು ವಾಲ್ವುಗಳಿದ್ದವು, ಒಂದು ತೊರೆಯ ನೀರಿಗೆ, ಇನ್ನೊಂದು ಬಗ್ಗಡದ ಗುಂಡಿಗೆ.

"ನೀರು ಬಂತೇನೋ?" ಎಂದು ಕೆಳಗಿನಿಂದ ಕೂಗು ಕೇಳಿಸಿತು.

ಕುರ್ದಿನ್ ಮೊದಲು ಬಾಯಿ ಒರೆಸಿಕೊಳ್ಳಬೇಕಾಯಿತು. "ಬಂತಣ್ಣ," ಎಂದ, "ಆದ್ರೆ ನೀರಲ್ಲ!"

ಚಾಪೆಯಗಲ ಇದ್ದ ಕಲೆ ಈಗ ಕಣದಗಲವಾಯಿತು. ಆಮೇಲೆ ನಿಜವಾದ ನೀರು ಬಂದು ಅದನ್ನು ಇನ್ನೂ ಕೆಳಕ್ಕೆ ಇಳಿಸಿತು. ಅಷ್ಟರಲ್ಲಿ ಮೆಂಜಾ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಮೂರು ಜನ ಸೇರಿ ಇಷ್ಟು ಘನಕಾರ್ಯ ಮಾಡಿದ್ರಾ? ಒಣಹುಲ್ಲು ತಂದು ಮುಚ್ಚಿ. ಕೊಯ್ದು ಒಣಗಾಕಿದೀವಿ ಅಂದ್ರಾಯ್ತು."

ಹುಲ್ಲು ಹೊತ್ತು ಹೊತ್ತು ಕುರ್ದಿನನ ಬೆನ್ನು ಬಿದ್ದುಹೋಯಿತು. ಇಡೀ ಜನ್ಮದಲ್ಲಿ ಆ ಗಾವಲಿಗಾಗಿ ಅವನು ಇಷ್ಟು ದುಡಿದಿರಲಿಲ್ಲ. ಕೊನೆಯ ಹೊರೆ ಹರಡುವ ಹೊತ್ತಿಗೆ ತೀರ್ಪುಗಾರ್ತಿ ಸೆರೈನಾ ಮೇಡಂ ಹತ್ತಿ ಬಂದರು. ಮೂಗು ಕೆಂಪಗಿತ್ತು, ಕೈಯಲ್ಲಿ ಕರವಸ್ತ್ರವಿತ್ತು.

"ಕ್ಷಮಿಸಿ... ಆಕ್ಷೀ! ಹೂವಿನ ಪುಡಿ ನನಗೆ ಆಗೋದಿಲ್ಲ. ಜೂನ್ ಪೂರ್ತಿ ಮೂಗು ಕಟ್ಟಿರುತ್ತೆ, ಏನೂ ವಾಸನೆ ಗೊತ್ತಾಗಲ್ಲ."

ಕುರ್ದಿನನಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ತಾನಿದ್ದ ಸ್ಥಿತಿ ನೆನಪಾಗಿ ದೂರವೇ ನಿಂತ.

ಮೇಡಂ ಎಣಿಕೆಗೆಂದು ತಂದಿದ್ದ ಹಗ್ಗದ ಬಳೆಯೊಂದನ್ನು ನೆಲಕ್ಕೆ ಹಾಕಿ, ಅದರೊಳಗಿನ ಗಿಡಗಳನ್ನು ಒಂದೊಂದಾಗಿ ಬೆರಳಿಂದ ಬಿಡಿಸಿ ನೋಡಿದರು. ಆರ್ನಿಕಾ, ಆರ್ಕಿಡ್, ಗಂಟೆಹೂವು ಎಂದು ಹೇಳಿಕೊಳ್ಳುತ್ತಾ ಹೋದಂತೆ ಅವರ ಮುಖವೂ ಅರಳುತ್ತಾ ಹೋಯಿತು.

"ಇದಕ್ಕೆ ಒಂದು ಹನಿ ಗೊಬ್ಬರನೂ ಬಿದ್ದಿಲ್ಲ ತಾನೇ?"

"ದೇವರಾಣೆ ಇಲ್ಲ," ಎಂದ ಕುರ್ದಿನ್.

"ನಾನು ಸಾಕ್ಷಿ," ಎಂದು ತುಮಾಶ ಎದೆಯ ಮೇಲೆ ಕೈಯಿಟ್ಟ. ಪೈಪು ಅವನದಾದ್ದರಿಂದ ಅವನಿಗೂ ಭಯವಿತ್ತು.

"ಇಷ್ಟು ಶುದ್ಧವಾದ ಗಾವಲು ಇಡೀ ಕಣಿವೆಯಲ್ಲಿ ಇನ್ನೊಂದಿಲ್ಲ!" ಮೇಡಂ ಕಣ್ಣಲ್ಲಿ ನೀರು ಬಂತು, ಅದು ಸೀನಿನದೋ ಸಂತೋಷದ್ದೋ ತಿಳಿಯಲಿಲ್ಲ. ಮೆಂಜಾ ಗಂಡನ ಕೈ ಹಿಸುಕಿದಳು. "ಇಂಥಾದ್ದನ್ನೇ ನಾವು ಹುಡುಕ್ತಾ ಇದ್ದದ್ದು, ನಮ್ಮ ಸಂಶೋಧನಾ ಕೇಂದ್ರದ ಪ್ರಯೋಗಕ್ಕೆ."

"ಎಂಥಾ ಪ್ರಯೋಗ?" ಎಂದ ಕುರ್ದಿನ್.

"ಗೊಬ್ಬರದ್ದು. ವರ್ಷ ವರ್ಷ ಹಾಕ್ತಾ ಹೋಗ್ತೀವಿ. ಹುಲ್ಲು ಕೊಬ್ಬಿ ಎತ್ತರಕ್ಕೆ ಬೆಳೆಯುತ್ತೆ, ಕೆಳಗಿನ ಸಣ್ಣ ಹೂಗಳಿಗೆ ಬಿಸಿಲು ಸಿಗೋದಿಲ್ಲ. ಯಾವ ಹೂ ಮೊದಲು ಹೋಗುತ್ತೆ ಅಂತ ನೋಡ್ಬೇಕು. ಜಾಗ ಊರಿಂದು, ನಿಮ್ಮದು ಬರೀ ಗುತ್ತಿಗೆ ಅಲ್ವಾ? ಊರ ಸಭೆ ಆಗಲೇ ಒಪ್ಪಿದೆ. ಆದ್ರೆ ಪ್ರಯೋಗದ ಗಾವಲಿಗೆ ಗಂಟೆ ಕೊಡೋ ಹಾಗಿಲ್ಲ."

ಗಂಟೆ ಹೋಯಿತು, ಹೂಗಳಾದರೂ ಉಳಿಯಲಿ ಎಂದುಕೊಂಡು ಕುರ್ದಿನ್ ಓಡಿಹೋಗಿ ಒಣಹುಲ್ಲನ್ನು ಎರಡೂ ಕೈಯಿಂದ ಕಿತ್ತೆಸೆದ.

"ಮೇಡಂ, ಸುಳ್ಳು ಹೇಳ್ದೆ! ನೋಡಿ ಇಲ್ಲಿ, ಗೊಬ್ಬರ ಬಿದ್ದಿದೆ! ಶುದ್ಧ ಅಲ್ಲ ಇದು, ನಿಮ್ಮ ಪ್ರಯೋಗಕ್ಕೆ ಬರಲ್ಲ! ಈ ತುಮಾಶನ್ದೇ ಪೈಪು!"

ಮೇಡಂ ಬಗ್ಗಿ ನೋಡಿದರು. "ಯಾವಾಗ ಬಿದ್ದಿದ್ದು?"

"ಇವತ್ತು ಬೆಳಿಗ್ಗೆ."

"ಅಯ್ಯೋ, ಒಳ್ಳೇದೇ ಆಯ್ತಲ್ಲ! ಗಿಡಗಳಿಗೆ ಇದು ಗೊತ್ತಾಗೋಕೆ ಇನ್ನೂ ಟೈಮ್ ಬೇಕು. ಪ್ರಯೋಗ ಇವತ್ತೇ ಶುರುವಾಯ್ತು ಅನ್ಕೋಳ್ಳಿ." ಅವರು ಚೀಲದಿಂದ ಕೆಂಪು ಗೂಟ ತೆಗೆದು ಕಲೆಯ ನಡುವೆ ನೆಟ್ಟರು. "ಗೊಬ್ಬರ ಹಾಕಿದ್ದನ್ನ ಮುಚ್ಚಿಟ್ಟಿದ್ದಕ್ಕೆ ಮುಂದಿನ ಸ್ಪರ್ಧೆಗೂ ನಿಮ್ಮನ್ನ ಸೇರಿಸೋ ಹಾಗಿಲ್ಲ, ಬೇಜಾರು ಮಾಡ್ಕೋಬೇಡಿ."

"ಹಾಗಾದ್ರೆ ಗಂಟೆ?" ಎಂದಳು ಮೆಂಜಾ.

"ಎರಡನೇ ಸ್ಥಾನದ ಗಾವಲಿಗೆ. ಚರ್ಚಿನ ಹಿಂದೆ ಬಂಡೆ ಹತ್ರ ಇದೆಯಲ್ಲ, ಪೈಪು ಮುಟ್ಟದ ಆ ಚೂರು."

ಆ ಚೂರು ತುಮಾಶನದು. ಪ್ರಯೋಗಕ್ಕೆ ಬಗ್ಗಡ ಒದಗಿಸುವ ಕೆಲಸವನ್ನೂ ಪೈಪು ಆಗಲೇ ಹಾಸಿದೆಯೆಂದು ಅವನಿಗೇ ಕೊಟ್ಟರು. ಸಾಕ್ಷಿ ಹೇಳಿದ ಅವನನ್ನು ಯಾರೂ ಏನೂ ಕೇಳಲಿಲ್ಲ.

ಸಂಜೆ ಕುರ್ದಿನ್ ಸ್ನಾನದ ಮೇಲೆ ಸ್ನಾನ ಮಾಡಿ ಬಾರ್ಲಿ ಸಾರಿನ ಮುಂದೆ ಕುಳಿತಿದ್ದ. ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ತುಮಾಶ ಗಂಟೆಯನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತಿದ್ದ.

"ತಪ್ಪು ತಿಳ್ಕೋಬೇಡ ಕುರ್ದಿನ್," ಎಂದ ಅವನು, ಬಾಗಿಲ ಮೇಲಕ್ಕೆ ನೋಡುತ್ತಾ. "ಇಷ್ಟು ಭಾರ ತಡೆಯೋ ಮೊಳೆ ನಮ್ಮನೇಲಿ ಇಲ್ಲ. ನಿಮ್ಮದು ಹೇಗೂ ಖಾಲಿ ಇದೆಯಲ್ಲ?"

ಮೆಂಜಾ ಮೊಳೆ ಕೀಳುವ ಇಕ್ಕಳ ತಂದು ಗಂಡನ ಕೈಗೆ ಕೊಟ್ಟಳು.