ಕಣ್ಣಿನ ಪೊರೆ ಮತ್ತು ಕಿನ್ನರ ರಾಜಕುಮಾರ

ನನ್ನದು ಮಾತು ಕಡಿಮೆ. ಆದರೂ ನಗೆಪಾಟಲು ನನ್ನ ಮನೆ ವಿಳಾಸ ಕೇಳಿಕೊಂಡೇ ಬರುತ್ತದೆ. ಹೋದ ವರ್ಷ ರೆಕ್ಕೆ ಕಟ್ಟಿಕೊಂಡು ಬಂತು.

೧. ಅರಕಲಗೂಡಿನಲ್ಲಿ ನಕ್ಷೆ

ಎಡಗಣ್ಣಿಗೆ ಪೊರೆ ಬಂದಿತ್ತು. ಹಾಸನದ ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟು, ಆಮೇಲೆ ಕೆಲವು ವಾರ ಓದುವಂತಿಲ್ಲ ಎಂದರು. ಅಲ್ಲಿಯವರೆಗೆ ಅರಕಲಗೂಡಿನ ಮಗಳ ಮನೆಯಲ್ಲಿದ್ದೆ. ಒಂದು ದಿನ ಪೇಪರ್ ಬರಲಿಲ್ಲ. ಪಿಯುಸಿ ಓದುವ ಮೊಮ್ಮಗಳ ದಪ್ಪ ಇಂಗ್ಲಿಷ್ ಕಾದಂಬರಿ ಕೈಗೆ ಸಿಕ್ಕಿತು. ರಟ್ಟಿನ ಮೇಲೆ ಕತ್ತಿ ಹಿಡಿದ ಹುಡುಗಿ, ರೆಕ್ಕೆಯ ರಾಜಕುಮಾರ. ಒಳಗೆ ಕಿನ್ನರಲೋಕದ ನಕ್ಷೆ.

ನಾನು ಸರ್ವೇಯರ್ ಆಗಿ ನಿವೃತ್ತನಾದವನು. ನಕ್ಷೆಯಲ್ಲಿ ಉತ್ತರ ದಿಕ್ಕಿನ ಗುರುತಿಲ್ಲ. ಬೆಟ್ಟದ ಈಚೆ ಹುಟ್ಟಿದ ನದಿ ಬೆಟ್ಟ ಹತ್ತಿ ಆಚೆ ಇಳಿದಿತ್ತು. ಪೆನ್ಸಿಲ್ ತೆಗೆದುಕೊಂಡು ತಿದ್ದಿದೆ.

"ತಾತ! ನನ್ ಪುಸ್ತಕದ ಮೇಲೆ ಗೀಚಿದ್ದೀಯಾ?"

"ನೀರು ಗುಡ್ಡ ಹತ್ತುತ್ತೆ ಅಲ್ಲಿ."

"ಅದು ಮಾಯಾಲೋಕ ತಾತ."

"ಮಾಯಾಲೋಕದ ನೀರಿಗೆ ತಲೆ ಕೆಟ್ಟಿರುತ್ತಾ?"

"ಇಷ್ಟ ಇಲ್ದಿದ್ರೆ ಓದ್ಬೇಡ ಬಿಡು."

"ಓದಿ ಆಯ್ತು. ಎರಡನೇ ಭಾಗ ಎಲ್ಲಿ?"

೨. ಹೊಳೆನರಸೀಪುರದಲ್ಲಿ ವಿಚಾರಣೆ

ಈ ಪುಸ್ತಕಗಳ ದೋಷ ನನಗೂ ಗೊತ್ತು. ಹುಡುಗಿ ಪುಟಕ್ಕೊಮ್ಮೆ ಉಸಿರು ಬಿಗಿ ಹಿಡಿಯುತ್ತಾಳೆ, ಬಿಟ್ಟಿದ್ದನ್ನು ಎಲ್ಲೂ ಬರೆದಿಲ್ಲ. ರಾಜಕುಮಾರ ಸದಾ ಗೋಡೆಗೆ ಒರಗಿಕೊಂಡೇ ಇರುತ್ತಾನೆ, ಬೆನ್ನುನೋವಿನವನ ಹಾಗೆ. ಆದರೆ ಆ ಹುಡುಗಿ ಯಾರ ಮಾತೂ ಕೇಳುವುದಿಲ್ಲ. ನಾನೂ ಅಷ್ಟೆ. ಅದಕ್ಕೇ ಓದುತ್ತೇನೆ.

ಎರಡನೇ ಭಾಗ ಹಿಡಿದುಕೊಂಡು ಹೊಳೆನರಸೀಪುರಕ್ಕೆ ಹಳೆಯ ಸಹೋದ್ಯೋಗಿಯನ್ನು ನೋಡಲು ಹೋದೆ. ಅವನು ರಟ್ಟು ನೋಡಿ ನಕ್ಕ.

"ಏನಯ್ಯಾ ಇದು, ಈ ವಯಸ್ನಲ್ಲಿ?"

"ಪ್ರೇಮ ಕಥೆ."

"ನಾಚ್ಕೆ ಆಗಲ್ವಾ?"

"ಇಲ್ಲ."

ಕಾಫಿ ಬಂತು. ಕುಡಿಯುತ್ತಾ ಅವನು ಮೆಲ್ಲಗೆ ಕೇಳಿದ: "ಹುಡುಗನಿಗೆ ಎಷ್ಟು ವಯಸ್ಸು?"

"ಐನೂರು."

"ಇನ್ನೂ ಮದ್ವೆ ಆಗಿಲ್ವಾ?"

"ಇಲ್ಲ."

ಅವನು ಲೋಟ ಕೆಳಗಿಟ್ಟ. "ಏನೋ ಐಬು ಇರ್ಬೇಕು ಕಣಯ್ಯಾ. ವಿಚಾರಿಸ್ದೆ ಹೆಣ್ಣು ಕೊಡ್ಬೇಡಿ."

೩. ಚನ್ನರಾಯಪಟ್ಟಣದಲ್ಲಿ ಊಟ

ಆಪರೇಷನ್‌ಗೆ ಎರಡು ದಿನ ಉಳಿಯಿತು. ಮೂರನೇ ಭಾಗ ಚನ್ನರಾಯಪಟ್ಟಣದಲ್ಲಿ, ಮೊಮ್ಮಗಳ ಗೆಳತಿಯ ಹತ್ತಿರ ಇತ್ತು. ಮಗಳು, "ಪುಸ್ತಕಕ್ಕೋಸ್ಕರ ಅಷ್ಟು ದೂರ ಹೋಗ್ತಾರಾ ಅಪ್ಪಾ?" ಎಂದಳು. ಚಪ್ಪಲಿ ಮೆಟ್ಟಿದೆ.

ಗೆಳತಿಯ ತಾಯಿ ಪುಸ್ತಕ ಕೊಡುವ ಮೊದಲು ಎಲೆ ಹಾಕಿದರು. "ಉಣ್ದೆ ಓಗಂಗಿಲ್ಲ ಸಾ."

ಕಿನ್ನರರ ಮನೆಯಲ್ಲಿ ಉಂಡವರು ವಾಪಸು ಬರಲಾರರು ಎಂದು ಮೊದಲ ಭಾಗದಲ್ಲೇ ಬರೆದಿದೆ. ಹೇಳಿದೆ.

"ಅದ್ಯಾವ್ ಪುಸ್ತಕನೋ ಸಾ. ಇದು ನಾಟಿ ಕೋಳಿ ಸಾರು."

ಒಂದು ಮುದ್ದೆ ಆಯಿತು. ಬೇಡ ಎಂದರೂ ಇನ್ನೊಂದು ಬಂತು. ಏಳಲಾಗದೆ ಗೋಡೆಗೆ ಒರಗಿದೆ, ರಾಜಕುಮಾರನ ಹಾಗೆ. ಕೊನೆಯ ಬಸ್ಸು ಹೋಯಿತು. ಬೆಳಿಗ್ಗೆ ಅವರು ತಿಂಡಿ ಎನ್ನುವ ಮೊದಲೇ ಪುಸ್ತಕ ಹಿಡಿದು ಓಡಿದೆ.

ಬರೆದವರಿಗೆ ನಕ್ಷೆ ಗೊತ್ತಿಲ್ಲ. ಬೀಗರೂಟ ಗೊತ್ತು.

೪. ಹಾಸನದಲ್ಲಿ ಮುಷ್ಕರ

ಆಪರೇಷನ್ ದಿನವೂ ಕೊನೆಯ ಅಧ್ಯಾಯ ಉಳಿದಿತ್ತು. ಕಣ್ಣಿಗೆ ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಅಕ್ಷರ ಕಲಸಿಹೋದವು. ಮೊಮ್ಮಗಳಿಗೆ ಕೊಟ್ಟೆ. ಅವಳು ಕನ್ನಡದಲ್ಲಿ ಹೇಳುತ್ತಾ ಹೋದಳು. ಬೆಂಚಿನ ಮೇಲಿದ್ದವರೆಲ್ಲ ಹತ್ತಿರ ಸರಿದರು. ನನ್ನ ಪಕ್ಕದಲ್ಲಿ ಸಾಲಗಾಮೆಯ ಒಬ್ಬ ಅಜ್ಜಿ.

ಒಂದು ಕಡೆ ಮೊಮ್ಮಗಳು ತಡವರಿಸಿದಳು. "ತಾತ, ಒಂದ್ ಪುಟ ಬಿಡ್ತೀನಿ."

"ಯಾಕೆ?"

"ಏನಿಲ್ಲ. ಮಳೆ ಬಂತು, ಇಬ್ರೂ ಗುಹೆ ಒಳಗೆ ಹೋದ್ರು. ಅಷ್ಟೇ."

ಅಜ್ಜಿ ಬಿಡಲಿಲ್ಲ. "ಬರ್ಲಿ ಕಣವ್ವ. ನಾವೂ ವಸಿ ನೆನೀತೀವಿ. ಓದು."

ಗುಹೆಯಲ್ಲಿ ಹುಡುಗಿಗೆ ರಾಜಕುಮಾರನ ಮೋಸ ಗೊತ್ತಾಯಿತು. ಅವನ ಎದೆಗೆ ಚೂರಿ ಇಟ್ಟಳು. ಅಷ್ಟರಲ್ಲಿ ನರ್ಸ್ ನನ್ನನ್ನು ಕರೆದಳು.

"ಬರಲ್ಲ."

"ಭಯಾನಾ ಸಾರ್?"

"ಅವನು ಉಳೀತಾನಾ ಗೊತ್ತಾಗ್ಬೇಕು."

ನರ್ಸ್ ಗಾಬರಿಯಾದಳು. "ಅಯ್ಯೋ, ನಿಮ್ಮ ಕಡೆಯವ್ರಾ? ಯಾವ ವಾರ್ಡು?"

"ಕಿನ್ನರಲೋಕ."

ಅವಳು ನನ್ನನ್ನು ಬಿಟ್ಟು ಅಜ್ಜಿಯನ್ನು ಕರೆದಳು. "ನಾನೂ ಬರಾಕಿಲ್ಲ. ಆ ಉಡ್ಗಿ ಚೂರಿ ಇಡ್ಕೊಂಡು ನಿಂತವ್ಳೆ." ಅಜ್ಜಿಯ ಆಚೆಯವರನ್ನು ಕರೆದಳು. ಅವರೂ ಏಳಲಿಲ್ಲ.

ಒಳಗೆ ಕಾದು ಸಾಕಾಗಿ ಡಾಕ್ಟರೇ ಹೊರಗೆ ಬಂದರು. ವಿಷಯ ತಿಳಿದು ತಲೆ ಚಚ್ಚಿಕೊಂಡರು. "ಎಷ್ಟಿದೆಯಮ್ಮ?"

"ಎರಡೇ ಪುಟ ಸರ್."

"ಬೇಗ ಮುಗ್ಸು."

ಓದಿದಳು. ಚೂರಿ ಮೇಲೆದ್ದಿತು. ಹುಡುಗಿ ಉಸಿರು ಬಿಗಿ ಹಿಡಿದಳು. ಬೆಂಚೂ ಹಿಡಿಯಿತು. ಮೊಮ್ಮಗಳು ಪುಟ ತಿರುಗಿಸಿ ಸಪ್ಪಗಾದಳು. "ಮುಂದಿನದು ನಾಲ್ಕನೇ ಭಾಗದಲ್ಲಂತೆ. ಇನ್ನೂ ಬಂದಿಲ್ಲ."

ಅಜ್ಜಿ ಸೆರಗು ಕೊಡವಿ ಎದ್ದಳು.

"ಡಾಕ್ಟ್ರೇ, ಇವತ್ತು ಒಂದ್ ಕಣ್ಣು ಮಾಡಿ. ಇನ್ನೊಂದ್ ಕಣ್ಗೆ ಆ ಪುಸ್ತಕ ಬಂದ್ ದಿನ ಡೇಟ್ ಕೊಡಿ. ಇದೇ ಬೆಂಚು, ಇದೇ ಉಡ್ಗಿ."