ಗಿಡ್ಡಾದ ವೈರು

ಕಸಬರಿಗೆ ತಾಗಿದರೆ ಸಾಕು, ಟೈಟಸನ ಎಡಗಡೆಯ ಸ್ಪೀಕರು ಸತ್ತು ಹೋಗುತ್ತಿತ್ತು. ತಪ್ಪು ಕಸಬರಿಗೆಯದಲ್ಲ, ಪಾಪ ಸ್ಪೀಕರಿನದೂ ಅಲ್ಲ. ವೈರಿನ ತುದಿಯನ್ನು ಹಲ್ಲಿನಿಂದ ಸುಲಿದು, ತಾಮ್ರದ ಎಳೆಗಳನ್ನು ಬತ್ತಿಯ ಹಾಗೆ ಹೊಸೆದು ತೂತಿಗೆ ತುರುಕಿ ಕೈ ತೊಳೆದುಕೊಂಡವನು ಟೈಟಸನೇ. ಹೋದ ಸಲ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆದಾಗ ಯಾರದೋ ಕಾಲು ತಾಗಿ ಅದು 'ಭರ್ರ್' ಎಂದು ಅರಚಿತ್ತು. ಪಾಸ್ಟರು ಬೆಚ್ಚಿ ಎದ್ದು ನಿಂತಿದ್ದರು. ಕೈಯಲ್ಲಿದ್ದ ಚಹಾ ಅವರ ಬಿಳಿ ಅಂಗಿಯ ಮೇಲೆ ಚೆಲ್ಲಿತ್ತು.

ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ಟೈಟಸನಿಗೆ ಬೀಡಿ ಇಲ್ಲ, ಗುಟ್ಕಾ ಇಲ್ಲ. ಇದ್ದ ಒಂದೇ ಚಟವೆಂದರೆ ಸೊಂಟದೆತ್ತರದ ಆ ಎರಡು ಹಳೆಯ ಸ್ಪೀಕರು. ಆವತ್ತು ಎರಡನೇ ಶನಿವಾರ, ರಜೆ. ಸಂಜೆ ಮತ್ತೆ ಅವನ ಮನೆಯಲ್ಲೇ ಕೂಟ. ಹೆಂಡತಿ ಫ್ಲೋರೆನ್ಸ್ ಮುಂಜಾನೆಯೇ ಕಟ್ಟಪ್ಪಣೆ ಮಾಡಿದಳು.

"ನೋಡ್ರಿ, ಕ್ರಿಸ್‌ಮಸ್ಸಿಗೆ ಒಬ್ಬಾಕಿನ ನಿಂತು ಹಾಡೋದು ಯಾರು ಅಂತ ಪಾಸ್ಟರ್ ಅಯ್ಯನೋರು ಇವತ್ತ ಹೇಳ್ತಾರ. ಅವರ ಮುಂದ ನಿಂತ್ರ ನನಗ ಗಂಟಲ ಕಟ್ತೈತಿ. ಅದಕ್ಕ ಹೋದ ವಾರ ಒಳಗಿನ ಖೋಲ್ಯಾಗ ಕುಂತು ಫೋನಿನಾಗ ರೆಕಾರ್ಡ್ ಮಾಡೇನಿ. ಅದನ್ನ ಹಚ್ಚೋ ಹೊತ್ತಿನ್ಯಾಗ ನಿಮ್ಮ ಪೆಟಗಿ ಒದರಿದ್ವು ಅಂದ್ರ, ರಾತ್ರಿ ಊಟಕ್ಕ ಮದಲ ಅಬ್ರಹಾಂ ಅಣ್ಣಾರ ಮನಿ ಸೇರ್ತಾವು!"

ಟೈಟಸನ ಕಾರ್ಖಾನೆಯವನೇ ಆದ ಅಬ್ರಹಾಂ ಆ ಸ್ಪೀಕರುಗಳ ಮೇಲೆ ಕಣ್ಣಿಟ್ಟು ವರ್ಷವಾಗಿತ್ತು. "ಒದರಂಗಿಲ್ಲ ಬಿಡು. ಇವತ್ತ ಪಿನ್ ಹಾಕೇಬಿಡ್ತೇನಿ," ಎಂದ ಟೈಟಸ್.

"ರೆಕಾರ್ಡಿಂಗಿನ ಹಿಂದ ಏನೋ ಗುಂಯ್ ಗುಂಯ್ ಅಂತೈತ್ರಿ. ಫ್ಯಾನಿನ ಸಪ್ಪಳ ಇರಬೇಕು."

"ಫೋನಿನ ಮಾತು ಹೇಳಬ್ಯಾಡ. ನನ್ನ ಸ್ಪೀಕರಿನಾಗ ಹಚ್ಚಿ ನೋಡು, ಇರವಿ ನಡದ್ರೂ ಕೇಳಸ್ತೈತಿ!"

ಗಂಡಸಿಗೆ ನಾಲಿಗೆ ಮುಂದೆ, ಬುದ್ಧಿ ಹಿಂದೆ. ಇರಲಿ, ಕತೆ ಕೇಳಿ.

ಕೊಪ್ಪಿಕರ ರಸ್ತೆಯಿಂದ ಟೈಟಸ್ ಪಿನ್ನುಗಳನ್ನು ತಂದ. ಹಿತ್ತಾಳೆ ಪಿನ್ನು, ಮೇಲೆ ತಿರುಪಿ ಕೂಡಿಸಲು ಕೆಂಪು ಇಲ್ಲವೇ ಕರಿ ಮುಚ್ಚಳ. ವೈರನ್ನು ಪಿನ್ನಿಗೆ ಬಿಗಿದು ಸ್ಪೀಕರಿನ ಬೆನ್ನಿಗೆ ಚುಚ್ಚಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಬೇಡವೆಂದಾಗ ಎಳೆದರೆ ಸರಕ್ಕನೆ ಬರುತ್ತದೆ. ಕಸಬರಿಗೆಯ ಭಯವಿಲ್ಲ. ಟೈಟಸ್ ಚಾಪೆ ಹಾಸಿ ಕುಳಿತು, ಒಂದು ಎಳೆಯೂ ಹೊರಗೆ ಇಣುಕದಂತೆ ಪಿನ್ನು ಬಿಗಿದು, "ಭಲೇ ಟೈಟಸ್" ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ನೋಡುತ್ತಾನೆ, ಮುಚ್ಚಳ ಚಾಪೆಯ ಮೇಲೇ ಕುಳಿತಿದೆ. ಅದನ್ನು ಮೊದಲು ವೈರಿಗೆ ಪೋಣಿಸಿ, ಆಮೇಲೆ ಪಿನ್ನು ಬಿಗಿಯಬೇಕಿತ್ತು. ಬಿಚ್ಚಲು ಹೋದರೆ ಎಳೆಗಳು ಮುರಿದವು. ವೈರನ್ನು ಗೇಣುದ್ದ ಕತ್ತರಿಸಿ ಮತ್ತೆ ಶುರು ಮಾಡಿದ. ಮತ್ತೆ ಮುಚ್ಚಳ ಮರೆತ.

ಮಿರ್ಚಿ ಕರಿಯಲು ಸಹಾಯಕ್ಕೆಂದು ಬಂದ ಪಕ್ಕದ ಮನೆಯ ಇಮಾಮಬಿ ಕತ್ತರಿಸಿದ ತುಂಡುಗಳನ್ನು ಎತ್ತಿಕೊಂಡಳು. "ಅಣ್ಣಾರ, ಇವು ನಮ್ಮ ಹೀರಿ ಬಳ್ಳಿ ಕಟ್ಟಾಕ ಆಗ್ತಾವು. ಇನ್ನೊಂದೆರಡು ಕತ್ತರಿಸಿದ್ರ ಒಗೀಬ್ಯಾಡ್ರಿ."

"ಇನ್ನ ಕತ್ತರಸಂಗಿಲ್ಲ ಅಕ್ಕಾ," ಎಂದ ಟೈಟಸ್.

ಅಷ್ಟರಲ್ಲಿ ಎದುರು ಮನೆಯ ಮೈಲಾರಪ್ಪ ಬಂದರು. ಲೈನ್‌ಮನ್ ಆಗಿ ನಿವೃತ್ತರಾದವರು. ಎಲ್ಲಿ ವೈರು ಬಿಚ್ಚಿದರೂ ಬೆಲ್ಲಕ್ಕೆ ನೊಣ ಬಂದಂತೆ ಬರುತ್ತಿದ್ದರು.

"ಏನ್ ತಮ್ಮಾ, ಇಷ್ಟ ಸುಲದ್ರ ಹೆಂಗ? ಕರೆಂಟ ಓಡ್ಯಾಡಾಕ ಜಾಗಾ ಬ್ಯಾಡೇನು?"

"ಕಾಕಾ, ಇದು ಕಂಬದ ಲೈನ್ ಅಲ್ರಿ."

"ಏ, ವೈರ್ ಅಂದ್ರ ವೈರ್! ಇತ್ತಾಗ ಕೊಡು."

ಮೈಲಾರಪ್ಪ ಬೆರಳುದ್ದ ಸುಲಿದು, ಮುಚ್ಚಳವನ್ನೂ ಪೋಣಿಸಿ, ಠೀವಿಯಿಂದ ಪಿನ್ನು ಚುಚ್ಚಿದರು. ಹೊರಗೆ ಉಳಿದ ತಾಮ್ರ ಒಂದಕ್ಕೊಂದು ತಬ್ಬಿಕೊಂಡು ಆಂಪ್ಲಿಫೈಯರು 'ಟಪ್' ಎಂದು ಆರಿತು. ಪುಣ್ಯಕ್ಕೆ ಸ್ವಿಚ್ ಆರಿಸಿ ಹಾಕಿದಾಗ ಮತ್ತೆ ಹತ್ತಿತು. "ಮಷೀನಿನಾಗ ದಮ್ ಇಲ್ಲ ಬಿಡು," ಎಂದು ಮೈಲಾರಪ್ಪ ತೀರ್ಪು ಕೊಟ್ಟರು. ಮತ್ತೆ ಕತ್ತರಿಸಬೇಕಾಯಿತು. ಇಮಾಮಬಿಯ ಹೀರೆ ಬಳ್ಳಿಗೆ ಶುಕ್ರದೆಸೆ.

ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಕಡೆ ಪಿನ್ನು ಕುಳಿತು ಸದ್ದು ಬಂತು. ಆದರೆ ಬಾವಿಯೊಳಗಿಂದ ಯಾರೋ ಮಾತಾಡಿದಂತೆ ಬಂತು. ಒಂದು ಸ್ಪೀಕರಿನಲ್ಲಿ ಕೆಂಪು, ಕರಿ ಅದಲುಬದಲಾಗಿದ್ದವು. "ನಾನು ಹಾಕಿದ್ದು ಬರೋಬ್ಬರಿ ಐತಿ, ನಿಂದs ಉಲ್ಟಾ," ಎಂದರು ಮೈಲಾರಪ್ಪ. ಇಬ್ಬರೂ ವಾದ ಮಾಡಿ, ಕೊನೆಗೆ ನ್ಯಾಯವಾಗಿ ಇರಲಿ ಎಂದು ಎರಡೂ ಕಡೆಯ ಪಿನ್ನುಗಳನ್ನು ಕತ್ತರಿಸಿ ಹೊಸದಾಗಿ ಹಾಕಿದರು. ಸರಿಯಾಗಿ ಕೊನೆಯ ಮುಚ್ಚಳ ತಿರುಗಿಸುವಾಗ ಅಬ್ರಹಾಂ ಒಳಗೆ ಬಂದ. ಫ್ಲೋರೆನ್ಸಳ ಕಟ್ಟಪ್ಪಣೆ ಅವನ ಕಿವಿಗೂ ಬಿದ್ದಿತ್ತು; ಸ್ಪೀಕರು ಇವತ್ತು ತನ್ನ ಪಾಲಾಗುವುದು ಖಂಡಿತವೆಂದು ಗೂಡ್ಸ್ ಆಟೋವನ್ನೇ ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ನಡೆದದ್ದನ್ನೆಲ್ಲ ಕೇಳಿ ನಕ್ಕ.

"ಅಲ್ಲೋ ಟೈಟಸ್, ಕೆಂಪು-ಕರೇದು ಉಲ್ಟಾ ಆಗಿದ್ರ, ಪಿನ್ ಜಗ್ಗಿ ಆ ಕಡೇದು ಈ ಕಡೆ ಚುಚ್ಚಿದ್ರ ಮುಗೀತಿತ್ತಲ್ಲೋ! ಪಿನ್ ಹಾಕೋದು ಮತ್ಯಾಕ?"

ಟೈಟಸ್ ಮೈಲಾರಪ್ಪನವರ ಮುಖ ನೋಡಿದ. ಮೈಲಾರಪ್ಪ ಫ್ಲೋರೆನ್ಸ್ ತಂದಿಟ್ಟಿದ್ದ ಮಂಡಕ್ಕಿ ಗಿರಮಿಟ್ಟಿನ ತಟ್ಟೆ ನೋಡಿದರು.

ಈಗ ವೈರು ಎಷ್ಟು ಗಿಡ್ಡಾಗಿತ್ತೆಂದರೆ ಮೂಲೆಗೊಂದರಂತೆ ನಿಂತಿದ್ದ ಸ್ಪೀಕರುಗಳು ನಡುಮನೆಗೆ ಬಂದು ನಿಲ್ಲಬೇಕಾಯಿತು. ಅವುಗಳ ನಡುವೆ ಒಂದೇ ಕುರ್ಚಿಗೆ ಜಾಗ ಉಳಿಯಿತು, ಅದು ಪಾಸ್ಟರದು.

"ಇದೇನ್ರಿ ಇದು! ಅಯ್ಯನೋರ ಎರಡೂ ಕಿವಿಗೆ ಒಂದೊಂದು ಪೆಟಗಿ!" ಎಂದಳು ಫ್ಲೋರೆನ್ಸ್.

"ಛಲೋನ ಆತಲ್ಲ. ಅವರಿಗೆ ಒಂದಕ್ಷರಾನೂ ತಪ್ಪಂಗಿಲ್ಲ," ಎಂದ ಟೈಟಸ್. ಯಾರ ಕಾಲು ತಾಗಿದರೂ ಬಿಚ್ಚದಿರಲಿ ಎಂದು ಮೈಲಾರಪ್ಪ ಪಿನ್ನುಗಳ ಮೇಲೆ ಕರಿ ಟೇಪು ಸುತ್ತಿದರು, ಕಂಬಕ್ಕೆ ಸುತ್ತುವಷ್ಟು.

ಸಂಜೆ ಕೂಟ ಸೇರಿತು. ಪ್ರಾರ್ಥನೆ ಮುಗಿಯಿತು. ಪಾಸ್ಟರು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದರು. ಫ್ಲೋರೆನ್ಸ್ ಫೋನು ಒತ್ತಿದಳು. ಸ್ಪೀಕರು ಒದರಲಿಲ್ಲ, ಗೊರಗುಟ್ಟಲಿಲ್ಲ. ಹಾಡು ಜುಳುಜುಳು ಹರಿದು ಬಂತು. ಟೈಟಸನ ಕಣ್ಣು ತೇವವಾದವು. ಬಾಗಿಲಲ್ಲಿದ್ದ ಅಬ್ರಹಾಮನ ಮುಖ ಸಣ್ಣದಾಯಿತು.

"ಪಿನ್ ಹಾಕಿದಾವ ನಾನು," ಎಂದು ಮೈಲಾರಪ್ಪ ಪಕ್ಕದವರ ಕಿವಿಯಲ್ಲಿ ಹೇಳಿದರು.

ಮೊದಲ ಚರಣ ಮುಗಿದು ಹಾಡಿನಲ್ಲಿ ಫ್ಲೋರೆನ್ಸ್ ಉಸಿರು ತೆಗೆದುಕೊಂಡಳು. ಆ ಸಂದಿನಲ್ಲಿ ಎರಡೂ ಸ್ಪೀಕರಿನಿಂದ ಒಂದು ಗಂಡು ದನಿ ಸ್ಪಷ್ಟವಾಗಿ, ಇರುವೆ ನಡೆದಷ್ಟು ಸ್ಪಷ್ಟವಾಗಿ, ಕೇಳಿಸಿತು. ಅದು ಫ್ಯಾನಿನದಾಗಿರಲಿಲ್ಲ. ಹೋದ ವಾರ ಅವಳು ಒಳಗೆ ಹಾಡುವಾಗ ಹೊರಗೆ ಪಡಸಾಲೆಯಲ್ಲಿ ಫೋನು ಹಿಡಿದು ನಿಂತಿದ್ದ ಟೈಟಸನದು.

"ಇಲ್ಲೋ ಅಬ್ರಹಾಂ, ಸ್ಪೀಕರ್ ಕೊಡಂಗಿಲ್ಲ. ಇಕಿ ಹಾಡಾಕ ಸುರು ಮಾಡಿದ್ರ, ಇಕಿ ಧ್ವನಿ ಮುಚ್ಚಾಕ ಅವs ನನಗ ಆಸರ!"

ಎರಡನೇ ಚರಣ ಶುರುವಾಯಿತು. ಟೈಟಸ್ ಹಾರಿ ಬಂದು ಪಿನ್ನು ಜಗ್ಗಿದ. ಪಿನ್ನು ಬರಲಿಲ್ಲ, ಮೈಲಾರಪ್ಪನವರ ಟೇಪು ಜಗ್ಗಿದಷ್ಟೂ ಬಿಗಿಯಾಯಿತು. ಅಬ್ರಹಾಂ ಜೋರಾಗಿ ಕೆಮ್ಮಿದ. ಏನು ಮಾಡಿದರೂ ಎರಡನೇ ಸಂದು ಬಂದೇ ಬಂತು.

"ಪಾಸ್ಟರ್ ಅಯ್ಯನೋರಾ? ಕಣ್ಣು ಮುಚ್ಚಿ ಭಕ್ತಿಯಿಂದ ಕೇಳ್ತಾರಂತ ಇಕಿಗೆ ಹಿಗ್ಗು. ಅವರು ನಿದ್ದಿ ಹೊಡಿತಾರೋ ಮಾರಾಯಾ!"

ಎರಡು ಸ್ಪೀಕರುಗಳ ನಡುವೆ ಪಾಸ್ಟರು ಮೆಲ್ಲಗೆ ಕಣ್ಣು ತೆರೆದರು.

"ನಾನು ಬರೇ ಟೇಪ್ ಸುತ್ತೇನ್ರಿ," ಎಂದರು ಮೈಲಾರಪ್ಪ.

ಹಾಡು ಮುಗಿಯಿತು. ಪಾಸ್ಟರು ಗಂಟಲು ಸರಿಮಾಡಿಕೊಂಡು ಹೇಳಿದರು: "ಫ್ಲೋರೆನ್ಸಮ್ಮಾ, ಕ್ರಿಸ್‌ಮಸ್ಸಿಗೆ ನೀವs ಹಾಡ್ರಿ. ನಾನು ಕಣ್ಣು ತೆರಕೊಂಡ ಕುಂದರ್ತೇನಿ."

ಅಬ್ರಹಾಂ ಹುರುಪಿನಿಂದ ಮುಂದೆ ಬಂದ. "ಫ್ಲೋರೆನ್ಸ್ ಅಕ್ಕಾ, ಆಟೋ ನಿಂತೈತ್ರಿ. ಪೆಟಗಿ ಹೊರಗ ತರಲ್ರಿ?"

ಟೈಟಸ್ ತಲೆ ತಗ್ಗಿಸಿದ. ಸ್ಪೀಕರಿನ ನೆತ್ತಿಯನ್ನು ಕೊನೆಯ ಸಲ ಸವರಿದ.

"ಬ್ಯಾಡ್ರಿ ಅಣ್ಣಾ, ಆಟೋ ವಾಪಸ್ ಕಳಸ್ರಿ," ಎಂದಳು ಫ್ಲೋರೆನ್ಸ್. ಟೈಟಸನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ; ಸಂತೋಷಕ್ಕೆ ಅವಳ ಕಾಲಿಗೇ ಬೀಳುವವನಿದ್ದ. ಆದರೆ ಅವಳು ಮಾತು ಮುಗಿಸಿರಲಿಲ್ಲ, ಗಂಡನ ಕಡೆ ತಿರುಗಿದಳು. "ಇಂಥಾ ಛಲೋ ಸ್ಪೀಕರ್ ಯಾರಾದ್ರೂ ಕೊಡ್ತಾರೇನು? ಎಲ್ಲಾ ಖರೇ ಖರೇ ಹೇಳ್ತಾವು! ಕ್ರಿಸ್‌ಮಸ್ ತನಕ ದಿನಾ ಮುಂಜಾನೆ, ದಿನಾ ಸಂಜಿ ನಾನು ಮೈಕ್ ಹಚ್ಚಿ ಇದರಾಗ ಹಾಡ್ತೇನಿ. ನೀವು ಇದs ಕುರ್ಚಿ ಮ್ಯಾಲ, ಎರಡರ ನಡುವ ಕುಂತು ಕೇಳ್ರಿ. ಕಣ್ಣು ಮುಚ್ಚಂಗಿಲ್ಲ."

ಹಳೆಯ ಮೈಕೊಂದನ್ನು ಕಪಾಟಿನಿಂದ ತಂದು ಅವನ ಮುಂದಿಟ್ಟಳು. ಅದರ ವೈರಿನ ತುದಿ ಬೋಳಾಗಿತ್ತು. "ಹೂಂ, ಇದಕ್ಕೂ ಒಂದು ಪಿನ್ ಹಾಕ್ರಿ."

ಟೈಟಸ್ ಚಾಪೆ ಹಾಸಿ ಕುಳಿತ. ಇಮಾಮಬಿ ತುಂಡಿಗಾಗಿ ಸೆರಗು ಒಡ್ಡಿ ನಿಂತಳು. ಆದರೆ ಈ ಸಲ ಅವನು ಮುಚ್ಚಳವನ್ನು ಮೊದಲೇ ಪೋಣಿಸಿದ.